ಹೊಟ್ಟೆನೋವಿಗೂ ಫ್ರೆಂಚ್ ಬೇಕು

ನಾಳೆ ಡಾಕ್ಟರ್ ಹತ್ತಿರ ಹೋಗಬೇಕು. ಫ್ರಾನ್ಸಿನ ತುಲೂಸ್‌ನಲ್ಲಿ ನಮ್ಮ ಆಫೀಸು ಇಂಗ್ಲಿಷ್‌ನಲ್ಲೇ ನಡೆಯುತ್ತದೆ, ಕ್ಲಿನಿಕ್ಕು ಹಾಗಲ್ಲ. ಬೆಳಗ್ಗೆಯಿಂದ ಗಿಳಿಪಾಠ: "ಜೆ ಮಾಲ್ ಓ ವಾಂತ್ರ್", ಹೊಟ್ಟೆ ನೋಯುತ್ತಿದೆ. "ದೆಪ್ವಿ ಇಯೆರ್", ನಿನ್ನೆಯಿಂದ. ಪೆನಿಸಿಲಿನ್ ಅಲರ್ಜಿ ಅನ್ನುವುದನ್ನು ಮಾತ್ರ ಚೀಟಿಯಲ್ಲಿ ಬರೆದಿಟ್ಟಿದ್ದೇನೆ. ಅದಕ್ಕೆ ನನ್ನ ಉಚ್ಚಾರಣೆ ನಂಬುವ ಹಾಗಿಲ್ಲ!

ನೋವು ಎಷ್ಟು ಅಂತ ಸೊನ್ನೆಯಿಂದ ಹತ್ತರೊಳಗೆ ಅಂಕಿ ಕೇಳುತ್ತಾರಂತೆ. ಅಂಕಿ ಬರುತ್ತದೆ, ನೋವಿಗೆ ಮಾರ್ಕ್ಸ್ ಕೊಟ್ಟು ಅಭ್ಯಾಸ ಇಲ್ಲ. ನಮ್ಮಮ್ಮ ಜ್ವರದಲ್ಲಿ ಕುದಿಯುತ್ತಿದ್ದರೂ ಡಾಕ್ಟರ್ ಮುಂದೆ "ಏನಿಲ್ಲ, ಸ್ವಲ್ಪ ಸುಸ್ತು" ಅನ್ನುತ್ತಿದ್ದರು. ಆ ಸಂಕೋಚ ನನಗೂ ಬಂದಿದೆ ಅನ್ಸುತ್ತೆ. ಏಳು ಇದ್ದರೂ ಬಾಯಲ್ಲಿ ಮೂರೇ ಬರುತ್ತದೇನೋ.

ರಾತ್ರಿ ಜಾಸ್ತಿಯಾದರೆ ಇಲ್ಲಿನ ತುರ್ತು ವೈದ್ಯಕೀಯ ನಂಬರ್ 15ಕ್ಕೆ ಫೋನ್ ಮಾಡಬೇಕು. ಫೋನಿನಲ್ಲಿ ಹೊಟ್ಟೆ ಮುಟ್ಟಿ ತೋರಿಸುವುದು ಹೇಗೆ, ಅಲ್ವಾ?