ಮಟ್ಟಾಂಚೇರಿ ಕೊನೆಗಿರಲಿ

ಕೊಚ್ಚಿ ಕಡೆಯ ಯಹೂದಿ ತಾಣಗಳನ್ನು ಒಂದೇ ದಿನದಲ್ಲಿ ನೋಡಿ ಬರಬೇಕು ಅನ್ನುವವರು ರೈಲಿನ ಟಿಕೆಟ್ ತೆಗೆಯುವ ಮೊದಲು ವಾರ ನೋಡಿಕೊಳ್ಳಬೇಕು. ಶನಿವಾರ ಸಬ್ಬತ್, ಅಂದರೆ ಯಹೂದಿಗಳ ವಾರದ ವಿಶ್ರಾಂತಿಯ ದಿನ; ಮಟ್ಟಾಂಚೇರಿಯ ಪರದೇಶಿ ಸಿನಗಾಗ್ (ಯಹೂದಿಗಳ ಪ್ರಾರ್ಥನಾಮಂದಿರ) ಬಾಗಿಲು ತೆಗೆಯುವುದಿಲ್ಲ. ಶುಕ್ರವಾರ ಮಧ್ಯಾಹ್ನದ ಮೇಲೆಯೂ ಅದೇ ಕತೆ. ಜೊತೆಗೆ ಪಕ್ಕದ ಡಚ್ ಅರಮನೆಗೆ ಅವತ್ತು ವಾರದ ರಜೆ. ಸೋಮವಾರ ಹೋದರೆ ಪರವೂರು, ಚೇಂದಮಂಗಲಂನಲ್ಲಿ ಈಗ ಮ್ಯೂಸಿಯಂ ಆಗಿರುವ ಸಿನಗಾಗುಗಳಿಗೆ ಬೀಗ. ಭಾನುವಾರ ಜನಜಾತ್ರೆ. ಉಳಿದದ್ದು ಮಂಗಳವಾರ, ಬುಧವಾರ, ಗುರುವಾರ. ಅದರಲ್ಲೂ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಯಹೂದಿಗಳ ಹಬ್ಬ ಸಾಲುಸಾಲಾಗಿ ಬರುತ್ತವೆ. ಅವು ಚಾಂದ್ರಮಾನದ ಲೆಕ್ಕದವು, ನಮ್ಮ ಯುಗಾದಿಯ ಹಾಗೆ ವರ್ಷ ವರ್ಷ ತಾರೀಖು ಬದಲಿಸುತ್ತವೆ. ನಾವು ಬುಧವಾರ ಹಿಡಿದೆವು.

ಎರಡನೆಯ ಎಡವಟ್ಟು ಊರಿನ ಹೆಸರಿನದು. ರೈಲ್ವೆ ಆ್ಯಪಿನಲ್ಲಿ ಪರವೂರು ಅಂತ ಹಾಕಿದರೆ ಒಂದು ನಿಲ್ದಾಣ ಸಿಗುತ್ತದೆ. ಅದು ಕೊಲ್ಲಂ ಜಿಲ್ಲೆಯದು, ನಮಗೆ ಬೇಕಾದದ್ದಲ್ಲ. ನಮಗೆ ಬೇಕಾದದ್ದು ಎರ್ನಾಕುಲಂ ಜಿಲ್ಲೆಯ ಉತ್ತರ ಪರವೂರು, ಅಲ್ಲಿಗೆ ರೈಲೇ ಇಲ್ಲ. ಬೆಂಗಳೂರಿನಿಂದ ಕನ್ಯಾಕುಮಾರಿಗೆ ಹೋಗುವ ಐಲ್ಯಾಂಡ್ ಎಕ್ಸ್‌ಪ್ರೆಸ್ ಆಗಲಿ, ಮಂಗಳೂರಿನಿಂದ ಇಳಿಯುವ ಪರಶುರಾಮ್ ಆಗಲಿ, ಎರ್ನಾಕುಲಂ ಮುಟ್ಟುವ ಮೊದಲೇ ಆಲುವಾದಲ್ಲಿ ನಿಲ್ಲುತ್ತವೆ. ಇಳಿಯಬೇಕಾದದ್ದು ಅಲ್ಲಿ. ಅಲ್ಲಿಂದ ಬಸ್ಸು. ಬೋರ್ಡು ಮಲಯಾಳದಲ್ಲಿರುತ್ತದೆ, ಪರವೂರಿನ ‘ರ’ ಅವರಲ್ಲಿ ಹಳಗನ್ನಡದ ಶಕಟರೇಫ, ಪಱವೂರ್. ನಾವು ಕೈಬಿಟ್ಟ ಅಕ್ಷರ ಅಲ್ಲಿ ದಿನಾ ಬಸ್ಸಿನ ಹಣೆಯ ಮೇಲೆ ಓಡಾಡುತ್ತದೆ.

ಆಟೋದವರನ್ನು ಕೇಳುವಾಗ ಬರೀ ‘ಪಳ್ಳಿ’ ಅನ್ನಬಾರದು. ಮಂಗಳೂರು ಕಡೆ ಪಳ್ಳಿ ಅಂದರೆ ಮಸೀದಿ ಮಾತ್ರ. ಕೇರಳದಲ್ಲಿ ಇಗರ್ಜಿಗೂ ಅದೇ, ಮಸೀದಿಗೂ ಅದೇ, ಸಿನಗಾಗಿಗೂ ಅದೇ. ‘ಜೂತಪ್ಪಳ್ಳಿ’ ಎಂದರೆ ಮರುಮಾತಿಲ್ಲದೆ ಕರೆದೊಯ್ಯುತ್ತಾರೆ.

ಹೆಚ್ಚಿನವರು ಮೊದಲು ಮಟ್ಟಾಂಚೇರಿಗೆ ನುಗ್ಗಿ, ಸಮಯ ಮಿಕ್ಕರೆ ಪರವೂರು ಅನ್ನುತ್ತಾರೆ, ಮಿಕ್ಕುವುದಿಲ್ಲ. ನಮ್ಮ ಸಲಹೆ ಇದಕ್ಕೆ ತಿರುವುಮುರುವು: ಚೇಂದಮಂಗಲಂ, ಪರವೂರು, ಆಮೇಲೆ ಮಟ್ಟಾಂಚೇರಿ. ಮಟ್ಟಾಂಚೇರಿಯ ತೂಗುದೀಪ, ಚೀನಾ ಹೆಂಚು ಮೊದಲೇ ಕಣ್ಣಿಗೆ ಬಿದ್ದರೆ ಕಟ್ಟಡ ಕಾಣುವುದಿಲ್ಲ. ಕಟ್ಟಡ ಕಾಣಬೇಕಾದರೆ ಬರಿದಾದ ಸಿನಗಾಗನ್ನು ಮೊದಲು ನೋಡಬೇಕು.

ಚೇಂದಮಂಗಲಂ ಪರವೂರಿನಿಂದ ನಾಲ್ಕೇ ಕಿಲೋಮೀಟರು. ಕೊಚ್ಚಿ ಅರಸರಿಗೆ ಮಂತ್ರಿಗಳಾಗಿದ್ದ ಪಾಲಿಯತ್ತಚ್ಚನ್ನರ ಊರು, ಕೈಮಗ್ಗದ ಮುಂಡಿಗೂ ಹೆಸರಾದದ್ದು. ಕೋಟ್ಟಯಿಲ್ ಕೋವಿಲಗಂ ಅನ್ನುವ ಜಾಗದಲ್ಲಿ ದೇವಸ್ಥಾನ, ಇಗರ್ಜಿ, ಮಸೀದಿ, ಸಿನಗಾಗ್ ನಾಲ್ಕೂ ಕೂಗಳತೆಯಲ್ಲಿವೆ. ಕರಪತ್ರಗಳು ಇದನ್ನೇ ಹಿಡಿದು ಸೌಹಾರ್ದದ ಭಾಷಣ ಮಾಡುತ್ತವೆ. ಅದಕ್ಕಿಂತ ಸಿನಗಾಗಿನ ಮುಂದೆ ನಿಲ್ಲಿಸಿರುವ ಕಲ್ಲಿನ ಹತ್ತಿರ ಹತ್ತು ನಿಮಿಷ ನಿಲ್ಲುವುದು ಮೇಲು. ಇಸ್ರಾಯೇಲನ ಮಗಳು ಸಾರಾ ಎಂಬಾಕೆಯ ಸಮಾಧಿಗಲ್ಲು, 1269ರದು. ಭಾರತದಲ್ಲಿ ಸಿಕ್ಕಿರುವ ಹೀಬ್ರೂ ಬರಹಗಳಲ್ಲಿ ಇದೇ ಹಳೆಯದೆಂದು ಹೇಳುತ್ತಾರೆ; ಕೊಡುಂಗಲ್ಲೂರಿನಿಂದ ತಂದದ್ದು ಎಂಬ ಮಾತಿದೆ. ನಮ್ಮಲ್ಲಿ ಸೋಮನಾಥಪುರದ ಕೇಶವನ ಗುಡಿ ಎದ್ದದ್ದೂ ಆ ಹತ್ತು ವರ್ಷದ ಆಚೀಚೆಗೇ. ನಡುಮಧ್ಯಾಹ್ನದ ಬಿಸಿಲಿನಲ್ಲಿ ಸಾರಾಳ ಕಲ್ಲಿನ ಅಕ್ಷರ ಕಾಣುವುದಿಲ್ಲ. ಬೆಳಿಗ್ಗೆ ಬೆಳಕು ಓರೆಯಾಗಿ ಬಿದ್ದಾಗ ಮಾತ್ರ ಕೊರೆದ ಗೆರೆಯಲ್ಲಿ ನೆರಳು ಕೂತು ಏಳುತ್ತದೆ. ಚೇಂದಮಂಗಲಂ ಮೊದಲಿರಲಿ ಅನ್ನುವುದಕ್ಕೆ ಇದೂ ಒಂದು ಕಾರಣ.

ಇಲ್ಲಿಗೆ ಮುಕ್ಕಾಲು ಗಂಟೆ ಸಾಕು. ಪರವೂರಿಗೆ ಒಂದೂವರೆ ಗಂಟೆ ಬಿಡಬೇಕು.

ಪರವೂರಿನ ಸಿನಗಾಗನ್ನು ಈಗಿರುವ ರೂಪದಲ್ಲಿ ಕಟ್ಟಿಸಿದವನು ದಾವೀದ್ ಯಾಕೋವ್ ಕಾಸ್ತಿಯೇಲ್, ಯಹೂದಿ ವರ್ಷ 5376ರಲ್ಲಿ. ಆ ವರ್ಷದಿಂದ 3760 ಕಳೆದರೆ 1616 ಬರುತ್ತದೆ. ಯಹೂದಿ ಹೊಸವರ್ಷ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಶುರುವಾಗುವ ಕಾರಣ 1615-16 ಎಂದು ಬರೆಯುವುದು ಸರಿ. ಹೀಬ್ರೂವಿನಲ್ಲಿ ಅಂಕಿಗೆಂದು ಬೇರೆ ಗುರುತು ಬಳಸುವ ಪದ್ಧತಿ ಇರಲಿಲ್ಲ, ಅಕ್ಷರಗಳೇ ಅಂಕಿ. ಹೇ ಅಂದರೆ 5, ಶಿನ್ 300, ಆಯಿನ್ 70, ವಾವ್ 6. ನಾಲ್ಕನ್ನೂ ಬಲದಿಂದ ಎಡಕ್ಕೆ ಬರೆದು, ಮೊದಲ ಹೇಯನ್ನು ಸಾವಿರದ ಸ್ಥಾನದ್ದೆಂದು ಓದಿದರೆ 5376. ಕಲ್ಲಿನ ಮೇಲೆ ಎಷ್ಟೋ ಸಲ ಸಾವಿರವನ್ನು ಬಿಟ್ಟೇಬಿಡುತ್ತಾರೆ. ಶ್ಲೋಕದಲ್ಲಿ ಇಸವಿ ಅಡಗಿಸುವ ನಮ್ಮ ಕಟಪಯಾದಿ ಗೊತ್ತಿದ್ದವರಿಗೆ ಇದೇನೂ ಕಷ್ಟವಲ್ಲ. ಮ್ಯೂಸಿಯಂನಲ್ಲಿ ಹೀಬ್ರೂ ಬರಹ ಕಂಡಾಗ ಈ ನಾಲ್ಕು ಅಕ್ಷರ ತಿಳಿದಿದ್ದರೂ ಕಣ್ಣಿಗೆ ಏನಾದರೂ ಸಿಗುತ್ತದೆ.

ಇನ್ನು ಕಟ್ಟಡ. ಗೋಡೆ ಮುರಕಲ್ಲಿನದು, ಮೇಲೆ ಸುಣ್ಣದ ಗಾರೆ, ಮರದ ಮಾಡು, ಹೆಂಚು. ದಕ್ಷಿಣ ಕನ್ನಡದ ಹಳೆಯ ಮನೆ ನೋಡಿದವರಿಗೆ ಹೊರಗಿನಿಂದ ಹೊಸದೇನೂ ಅನ್ನಿಸದು. ಹೊಸದು ಅದರ ಉದ್ದ. ಬೀದಿಯ ಕಡೆ ಪಡಿಪ್ಪುರ, ಅಂದರೆ ಮಹಡಿಯಿರುವ ಹೆಬ್ಬಾಗಿಲ ಮನೆ. ಅದನ್ನು ದಾಟಿದರೆ ದಪ್ಪ ಕಂಬಗಳ, ಮಾಡು ಹೊದಿಸಿದ ನಡಿಗೆದಾರಿ. ಆಮೇಲೆ ಆಝಾರ ಅನ್ನುವ ಮುಂಗೋಣೆ. ಅದರಾಚೆ ಪ್ರಾರ್ಥನೆಯ ಹಜಾರ. ಬಾಗಿಲು, ಪ್ರಾಕಾರ, ಮುಖಮಂಟಪ, ಒಳಗೆ ಅಂತ ಒಂದೊಂದೇ ಹಂತ ದಾಟಿಸುವ ಈ ಕ್ರಮ ಯುರೋಪಿನ ಸಿನಗಾಗಿನಿಂದ ಬಂದದ್ದಲ್ಲ, ಕೇರಳದ ದೇವಸ್ಥಾನದ್ದು. ಬಡಗಿ, ಗಾರೆಯವರು ಇಲ್ಲಿಯವರೇ ತಾನೆ.

ಒಳಗೆ ಹೋದ ಕೂಡಲೇ ಫೋನು ತೆಗೆಯದೆ ಮೊದಲು ದಿಕ್ಕು ನೋಡಿಕೊಳ್ಳಿ. ಎದುರಿನ ಗೋಡೆ ಪಶ್ಚಿಮದ್ದು. ಯುರೋಪಿನಲ್ಲಿ ಪೂರ್ವದ ಗೋಡೆಗೆ ಇರುವ ಹೇಖಾಲ್ ಇಲ್ಲಿ ಪಶ್ಚಿಮಕ್ಕೆ, ಏಕೆಂದರೆ ಕೇರಳದಿಂದ ಜೆರುಸಲೇಮ್ ಆ ಕಡೆಗೇ. ಹೇಖಾಲ್ ಎಂದರೆ ಯಹೂದಿಗಳ ಧರ್ಮಗ್ರಂಥವಾದ ತೋರಾದ ಸುರುಳಿಗಳನ್ನಿಡುವ ಕೆತ್ತನೆಯ ಮರದ ಬೀರು. ಚಕ್ಕೆಚಕ್ಕೆಯಾಗಿ ಚಿನ್ನದ ಬಣ್ಣ, ಬಳ್ಳಿ, ಹೂವು. ಹಜಾರದ ನಡುವೆ ತೇಬಾ, ಓದುವವರು ನಿಲ್ಲುವ, ಕಟಕಟೆ ಸುತ್ತಿದ ವೇದಿಕೆ. ಇವಿಷ್ಟು ಯಾವ ಸಿನಗಾಗಿನಲ್ಲಾದರೂ ಒಂದಲ್ಲ ಒಂದು ರೂಪದಲ್ಲಿ ಇರುತ್ತವೆ.

ಈಗ ಹೇಖಾಲಿಗೆ ಬೆನ್ನು ಮಾಡಿ ತಿರುಗಿ ಮೇಲೆ ನೋಡಿ. ನೀವು ಒಳಗೆ ಬಂದ ಬಾಗಿಲಿನ ನೆತ್ತಿಯ ಮೇಲೆ ಉಪ್ಪರಿಗೆಯಿದೆ, ಅದರ ಅಂಚಿನಲ್ಲಿ ಇನ್ನೊಂದು ತೇಬಾ. ಕೇರಳ ಬಿಟ್ಟರೆ ಬೇರೆಲ್ಲೂ ಈ ಎರಡನೆಯ ತೇಬಾ ಇಲ್ಲ. ದಿನದ ಪ್ರಾರ್ಥನೆಗೆ ಕೆಳಗಿನದು. ಸಬ್ಬತ್ತಿಗೆ, ಹಬ್ಬಕ್ಕೆ ತೋರಾ ಓದುವುದು ಮೇಲಿನಿಂದ. ಆ ಮೇಲಿನ ತೇಬಾದ ಹಿಂದೆಯೇ ಮರದ ಜಾಲಂದ್ರ, ಅದರ ಹಿಂದೆ ಹೆಂಗಸರು ಕೂರುವ ಜಾಗ. ಅವರಿಗೆ ಬೇರೆಯೇ ಮೆಟ್ಟಿಲು. ಹೆಂಗಸರನ್ನು ಹಿಂದೆ ಕೂರಿಸಿದ್ದರು ಎಂದು ಓದಿ ಮುಂದೆ ಹೋಗಿಬಿಡಬಹುದು. ಆದರೆ ಮೇಲೆ ಹತ್ತಿ ಜಾಲಂದ್ರದ ಹಿಂದೆ ನಿಂತರೆ ಲೆಕ್ಕ ಬೇರೆ: ಹಬ್ಬದ ದಿನ ತೋರಾ ತೆರೆಯುತ್ತಿದ್ದದ್ದು ಅವರ ಕೈಯಳತೆಯ ದೂರದಲ್ಲಿ, ಕೆಳಗೆ ಕೂತ ಗಂಡಸರು ಕತ್ತೆತ್ತಿ ಕೇಳಬೇಕಿತ್ತು. ಮಲಯಾಳದಲ್ಲಿ ಮದುವೆಗೆ, ಹಬ್ಬಕ್ಕೆ ಹಾಡು ಕಟ್ಟಿ, ಕೈಬರಹದ ನೋಟುಪುಸ್ತಕಗಳಲ್ಲಿ ತಲೆಮಾರುಗಟ್ಟಲೆ ಕಾಪಾಡಿಕೊಂಡು ಬಂದವರೂ ಈ ಹೆಂಗಸರೇ. ಗಂಡಸರ ಪ್ರಾರ್ಥನೆ ಹೀಬ್ರೂ, ಇವರ ಹಾಡು ಮನೆಮಾತು.

ಮೇಲಿನ ಮೆಟ್ಟಿಲು ಕಡಿದು, ಮೊಣಕಾಲು ನೋವಿನವರು ನಿಧಾನಿಸಬೇಕು. ಆದರೂ ಹತ್ತದೆ ಬರಬೇಡಿ.

ಹೇಖಾಲ್ ಎಷ್ಟು ಚೆನ್ನಾಗಿದೆ ಎನ್ನುವವರಿಗೆ ಒಂದು ಮಾತು ಹೇಳಿಬಿಡಬೇಕು: ಅದು ಪ್ರತಿ. ಮೂಲ ಜೆರುಸಲೇಮಿನ ಇಸ್ರೇಲ್ ಮ್ಯೂಸಿಯಂನಲ್ಲಿದೆ. ಅಲ್ಲಿ ಇಟಲಿ, ಜರ್ಮನಿ, ಸುರಿನಾಮ್‌ಗಳ ಸಿನಗಾಗ್ ಒಳಾಂಗಣದ ಜೊತೆಗೆ ಕೊಚ್ಚಿಯದೂ ಒಂದಿದೆ. ಅದು ಮಟ್ಟಾಂಚೇರಿಯ ಕಡವುಂಭಾಗಂ ಸಿನಗಾಗಿನ ಮರಗೆಲಸ. 1990ರ ದಶಕದಲ್ಲಿ ಬಿಚ್ಚಿ ಸಾಗಿಸಿ ಜೋಡಿಸಿದ್ದು. ಕಡವುಂಭಾಗಂನ ಸ್ವಂತ ಹೇಖಾಲ್ ಮೊದಲೇ ಇಸ್ರೇಲಿನ ಒಂದು ಹಳ್ಳಿಗೆ ಹೋಗಿತ್ತಾದ್ದರಿಂದ ಆ ಖಾಲಿ ಜಾಗಕ್ಕೆ ಪರವೂರಿನದನ್ನು ಕೂರಿಸಿದರು. ಹೀಗಾಗಿ ಪರವೂರಿನಲ್ಲಿ ಕಟ್ಟಡ ಅಸಲು, ಬೀರು ನಕಲು; ಜೆರುಸಲೇಮಿನಲ್ಲಿ ಮರಗೆಲಸ ಅಸಲು, ಗೋಡೆ ನಕಲು. ಗೋಡೆ ಮಾತ್ರ ಉಳಿಸಿಕೊಂಡಿದ್ದ ಮಟ್ಟಾಂಚೇರಿಯ ಕಡವುಂಭಾಗಂ 2019ರ ಮಳೆಗೆ ಕುಸಿಯಿತು. ಮಾಡಿನ ಮರ ತೆಗೆದ ಮುರಕಲ್ಲಿನ ಗೋಡೆ ಎಷ್ಟು ಮಳೆಗಾಲ ನಿಂತೀತು? ಸಾಗಿಸಿದ್ದು ಸರಿಯೋ ತಪ್ಪೋ ಅಂತ ವಾದ ಮಾಡುವವರಿಗೆ ಎರಡೂ ಕಡೆ ಸಾಕ್ಷಿ ಇದೆ.

ಜನ ಹೋದದ್ದು ಅದಕ್ಕೂ ಮೊದಲೇ. 1950ರ ದಶಕದಲ್ಲಿ, ಅದರಲ್ಲೂ 1953ರಿಂದ 55ರೊಳಗೆ, ಪರವೂರು, ಚೇಂದಮಂಗಲಂ, ತ್ರಿಶೂರ್ ಜಿಲ್ಲೆಯ ಮಾಳದ ಕುಟುಂಬಗಳು ಹೆಚ್ಚುಕಡಿಮೆ ಊರಿಗೂರೇ ಇಸ್ರೇಲಿಗೆ ಹೊರಟವು. ಸಾಮೂಹಿಕ ಪ್ರಾರ್ಥನೆಗೆ ಕನಿಷ್ಠ ಹತ್ತು ವಯಸ್ಕ ಗಂಡಸರು ಬೇಕೆಂಬುದು ನಿಯಮ. ಹತ್ತು ಒಂಬತ್ತಾದ ದಿನ ಸಿನಗಾಗ್ ಬರೀ ಕಟ್ಟಡ. ಮಾಳದವರು ಹೊರಡುವ ಮುನ್ನ, 1955ರಲ್ಲಿ, ತಮ್ಮ ಸಿನಗಾಗನ್ನು ಪಂಚಾಯತಿಗೆ ಒಪ್ಪಿಸಿ ಹೋದರು.

ಕನ್ನಡದವರು ಇಲ್ಲಿ ಎರಡು ಎಳೆ ಹಿಡಿದು ನೋಡಬಹುದು. ಒಂದು ಸುಖದ್ದಲ್ಲ: 1789-90ರಲ್ಲಿ ಟಿಪ್ಪುವಿನ ಸೈನ್ಯ ತಿರುವಾಂಕೂರಿನ ಗಡಿಕೋಟೆಯಾದ ನೆಡುಂಕೋಟ್ಟದ ಮೇಲೆ ಬಿದ್ದಾಗ ಪರವೂರಿನ ಸಿನಗಾಗಿಗೂ ಪೆಟ್ಟಾಯಿತೆಂದು ಇಲ್ಲಿಯ ಚರಿತ್ರೆ ಹೇಳುತ್ತದೆ. ಇನ್ನೊಂದು ತಾಮ್ರಪಟದ್ದು. ಸುಮಾರು 1000ನೇ ಇಸವಿಯಲ್ಲಿ ಚೇರ ದೊರೆ ಭಾಸ್ಕರ ರವಿವರ್ಮ ಜೋಸೆಫ್ ರಬ್ಬಾನ್ ಎಂಬ ಯಹೂದಿ ಮುಖ್ಯಸ್ಥನಿಗೆ 72 ಹಕ್ಕು ಕೊಟ್ಟದ್ದು: ಪಲ್ಲಕ್ಕಿ, ಕೊಡೆ, ಹಗಲುದೀಪ, ನಡೆಮಡಿ, ವಾದ್ಯ. ಅದರಲ್ಲಿ ‘ಅಂಜುವಣ್ಣಂ’ ಎಂಬ ಮಾತಿದೆ, ಕಡಲಾಚೆಯ ವರ್ತಕರ ಕೂಟ. ನಮ್ಮ ಕರಾವಳಿಯ ಶಾಸನಗಳಲ್ಲಿ ಬರುವ ‘ಹಂಜಮಾನ’ವನ್ನು ವಿದ್ವಾಂಸರು ಇದಕ್ಕೇ ಜೋಡಿಸುತ್ತಾರೆ. ಮೆಣಸಿನ ಹಡಗು ಕೊಡುಂಗಲ್ಲೂರಿನಲ್ಲಷ್ಟೇ ನಿಲ್ಲುತ್ತಿರಲಿಲ್ಲ. 12ನೇ ಶತಮಾನದಲ್ಲಿ ಟ್ಯುನೀಷಿಯಾ ಮೂಲದ ಯಹೂದಿ ವ್ಯಾಪಾರಿ ಅಬ್ರಹಾಂ ಬೆನ್ ಯಿಜು ಮಂಗಳೂರಿನಲ್ಲಿ ವರ್ಷಗಟ್ಟಲೆ ನೆಲೆಸಿದ್ದ. ಆಶು ಎಂಬ ಇಲ್ಲಿಯ ಹೆಣ್ಣಿಗೆ ಅವನು ದಾಸ್ಯದಿಂದ ಬಿಡುಗಡೆಯ ಪತ್ರ ಬರೆದುಕೊಟ್ಟದ್ದು 1132ರಲ್ಲಿ, ಮಂಗಳೂರಿನಲ್ಲೇ. ಆ ಕಾಗದ ಉಳಿದದ್ದು ಕೈರೋದ ಸಿನಗಾಗಿನಲ್ಲಿ.

ಊಟ ಪರವೂರಿನಲ್ಲೇ ಮುಗಿಸಿಕೊಳ್ಳಿ. ಮಟ್ಟಾಂಚೇರಿಯ ಸಿನಗಾಗ್ ಸಾಮಾನ್ಯವಾಗಿ ಮಧ್ಯಾಹ್ನ 1ರಿಂದ 3ರವರೆಗೆ ಮುಚ್ಚಿರುತ್ತದೆ, ಬೇಗ ಹೋಗಿ ಪ್ರಯೋಜನವಿಲ್ಲ. ಚೆರಾಯಿ ಮೇಲಿಂದ ವೈಪಿನ್ ದ್ವೀಪದ ಉದ್ದಕ್ಕೂ ಬರುವ ಬಸ್ಸು ಹಿಡಿದರೆ ಒಂದು ಗಂಟೆಗೆ ಮೇಲೆ ಬೇಕು. ಹತ್ತುವಾಗಲೇ ಕಂಡಕ್ಟರನ್ನು ಕೇಳಿ: ಕೆಲವು ಬಸ್ಸು ಗೋಶ್ರೀ ಸೇತುವೆಯ ಹತ್ತಿರ ತಿರುಗಿ ಎರ್ನಾಕುಲಂ ಹೈಕೋರ್ಟಿನ ಕಡೆ ಹೋಗಿಬಿಡುತ್ತವೆ. ವೈಪಿನ್ ಜೆಟ್ಟಿಗೆ ಬಂದರೆ ಕಾರು, ಲಾರಿ, ಜನ ಎಲ್ಲವನ್ನೂ ಒಟ್ಟಿಗೆ ಹೇರಿಕೊಳ್ಳುವ ರೋರೋ ದೋಣಿ ಕೆಲವೇ ನಿಮಿಷದಲ್ಲಿ ಫೋರ್ಟ್ ಕೊಚ್ಚಿಗೆ ಬಿಡುತ್ತದೆ. ಅಲ್ಲಿಂದ ಆಟೋ.

ಪರದೇಶಿ ಸಿನಗಾಗಿಗೆ ತುಂಡು ಚಡ್ಡಿ, ತೋಳಿಲ್ಲದ ಅಂಗಿ ನಡೆಯುವುದಿಲ್ಲ. ಚಪ್ಪಲಿ ಹೊರಗೆ, ಒಳಗೆ ಫೋಟೋ ಇಲ್ಲ. 1568ರಲ್ಲಿ ಕಟ್ಟಿದ್ದು, 1662ರಲ್ಲಿ ಪೋರ್ಚುಗೀಸರು ಹಾಳುಗೆಡವಿದರು, ಡಚ್ಚರು ಬಂದ ಮೇಲೆ ದುರಸ್ತಿಯಾಯಿತು. ನೆಲದ ನೀಲಿ ಬಿಳಿ ಹೆಂಚುಗಳು 18ನೇ ಶತಮಾನದಲ್ಲಿ ಚೀನಾದಿಂದ ಬಂದವು, ತರಿಸಿದವನು ಡಚ್ ಕಂಪನಿಯ ದೊಡ್ಡ ವರ್ತಕ ಎಝೆಕಿಯೇಲ್ ರಹಾಬಿ. ಒಂದರಂತೆ ಇನ್ನೊಂದಿಲ್ಲ ಎಂದು ಗೈಡುಗಳು ಹೇಳುತ್ತಾರೆ. ಕುಕ್ಕರುಗಾಲಲ್ಲಿ ಕೂತು ನೋಡಿದರೆ ಅರ್ಧ ನಿಜ: ಚಿತ್ರದ ಮಾದರಿ ಮರುಕಳಿಸುತ್ತದೆ, ಕುಂಚದ ಎಳೆತ ಮಾತ್ರ ಬೇರೆ. ಒಂದರಲ್ಲಿ ಮರದ ಕೊಂಬೆ ದಪ್ಪ, ಪಕ್ಕದ್ದರಲ್ಲಿ ಬಣ್ಣ ನೀರಾಗಿ ಹರಡಿದೆ. ಕೈಕೆಲಸ ಅಂದಮೇಲೆ ಇರುವುದೇ ಹಾಗೆ.

ಇಲ್ಲಿ ಒಳಗೆ ಹೋಗುವ ಮುನ್ನ ಮುಂಗೋಣೆಯಲ್ಲಿ ಸ್ವಲ್ಪ ನಿಲ್ಲಬೇಕು. ಪರವೂರಿನಲ್ಲಿ ಆಝಾರ ಅಂದರೆ ಒಂದು ಹಂತ, ಅಷ್ಟೇ. ಇಲ್ಲಿ ಅದು ಗಡಿ. ‘ಬಿಳಿ’ ಯಹೂದಿಗಳೆಂದು ಕರೆದುಕೊಂಡ ಪರದೇಶಿಗಳು, ದಾಸ್ಯದಿಂದ ಬಿಡುಗಡೆಯಾದವರ ಸಂತತಿಯವರನ್ನು ಹಜಾರದೊಳಗೆ ಸಮನಾಗಿ ಕೂರಿಸಲಿಲ್ಲ. ಅವರು ಈ ಮುಂಗೋಣೆಯ ನೆಲದಲ್ಲಿ ಕೂರಬೇಕಿತ್ತು. ಅದೇ ಸಂತತಿಯ ವಕೀಲ ಎ. ಬಿ. ಸೇಲಂ 20ನೇ ಶತಮಾನದಲ್ಲಿ ಸಿನಗಾಗಿನೊಳಗೇ ಸತ್ಯಾಗ್ರಹ ಹೂಡಿ ಕಟ್ಟಳೆ ಸಡಿಲಿಸಿದರು. ಜನ ಅವರನ್ನು ಯಹೂದಿ ಗಾಂಧಿ ಎಂದರು. ಹೊರಗಿನ ರಸ್ತೆಗೆ ಈಗ ಅವರದೇ ಹೆಸರು. ಪಂಕ್ತಿಭೇದದ ನಾಡಿನಿಂದ ಬಂದ ನಮಗೆ ಇದನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ.

ಒಳಗೆ ಎಲ್ಲರೂ ನೆಲ ನೋಡುತ್ತಿದ್ದರು, ಇಲ್ಲವೇ ತೂಗುದೀಪ. ತಿರುಗಿ ಮೇಲೆ ನೋಡಿದರೆ ಹಿತ್ತಾಳೆಯ ಕಟಕಟೆ ಹೊತ್ತ ಎರಡನೆಯ ತೇಬಾ ಅಲ್ಲಿಯೂ ಇತ್ತು, ಅದರ ಹಿಂದೆ ಹೆಂಗಸರ ಜಾಗ. ಬೆಳಿಗ್ಗೆ ಪರವೂರಿನಲ್ಲಿ ಕಂಡದ್ದೇ, ಆಭರಣ ಹಾಕಿಕೊಂಡಿತ್ತು.

ಹೊರಗಿನ ಬೀದಿಯಲ್ಲಿ ಶುಂಠಿ, ಏಲಕ್ಕಿ, ಮೆಣಸಿನ ವಾಸನೆ. ‘ಯಹೂದಿ ಮನೆಯ ಹಳೆಯ ಸಾಮಾನು’ ಎಂದು ಮಾರುವ ಅಂಗಡಿಗಳು. ಅವುಗಳಲ್ಲಿ ಎಷ್ಟೋ ಸಾಮಾನು ಹೊಸದಾಗಿಯೇ ಮಾಡಿಸಿದ್ದು, ಕಾಸು ಬಿಚ್ಚುವ ಮೊದಲು ಯೋಚಿಸಿ. ಸಂಜೆ 5ಕ್ಕೆ ಬಾಗಿಲು ಹಾಕುವ ಹೊತ್ತಿಗೆ ಹೊರಬಂದು ಗಡಿಯಾರದ ಗೋಪುರ ನೋಡಿದೆವು. ಇದೂ ರಹಾಬಿ ಕಟ್ಟಿಸಿದ್ದು, 1760ರ ಸುಮಾರಿಗೆ. ಅದರ ಮುಖಗಳಲ್ಲಿ ಬೇರೆ ಬೇರೆ ಲಿಪಿಯ ಅಂಕಿಗಳಿವೆ, ಒಂದರಲ್ಲಿ ಹೀಬ್ರೂ. ಐದರ ಜಾಗದಲ್ಲಿರುವುದು ಹೇ.