ಯಾವ ಎರಡು?

ಮಂಗಳವಾರ ತಾಲೂಕು ಕಚೇರಿಯ ರೇಷನ್ ಕಾರ್ಡಿನ ಸಾಲಿನಲ್ಲಿ ಕೇಳಿದ ಮಾತು ಇವತ್ತು ಶುಕ್ರವಾರವಾದರೂ ಕಿವಿ ಬಿಟ್ಟು ಹೋಗಿಲ್ಲ. ಹಳೆ ಕಾರ್ಡಿನಿಂದ ಹೆಸರು ಯಾಕೆ ತೆಗೆಸುವುದು ಎಂದು ಒಳಗಿನಿಂದ ಗಟ್ಟಿಯಾಗಿ ಕೇಳಿದರು. ಗಂಡ ಹೊಡೆಯುತ್ತಾನೆ, ಈಗ ಬೇರೆ ಇದ್ದೇನೆ ಎಂದು ಸಾಲಿನಲ್ಲಿದ್ದ ತಾಯಿಯೊಬ್ಬಳು ಅಷ್ಟೇ ಗಟ್ಟಿಯಾಗಿ ಹೇಳಬೇಕಾಯಿತು. ಮುಂದಿದ್ದ ಹಿರಿಯರೊಬ್ಬರು ತಿರುಗಿ ನೋಡಿದರು. ಆಕೆಯ ಸೊಂಟದಲ್ಲಿ ಮೂರು ವರ್ಷದ ಮಗು, ಸೆರಗು ಹಿಡಿದು ಏಳು ವರ್ಷದ ಹುಡುಗ, ಗೋಡೆಗೆ ಒರಗಿ ಒಂಬತ್ತು, ಹನ್ನೊಂದು, ಹದಿಮೂರು ವರ್ಷದವರು.

"ಇಷ್ಟು ಮಕ್ಕಳನ್ನು ಕಟ್ಟಿಕೊಂಡು ಎಂತಕ್ಕಮ್ಮ ಮನೆ ಬಿಟ್ಟು ಬಂದದ್ದು?"

"ಎರಡನ್ನು ಬಿಟ್ಟು ಬರಬೇಕಿತ್ತಾ? ಯಾವ ಎರಡು, ನೀವೇ ಹೇಳಿ."

ಆಕೆ ಸ್ವರ ಏರಿಸಲಿಲ್ಲ. ಹಿರಿಯರು ಕೆಟ್ಟವರೂ ಅಲ್ಲ, ಸ್ವಲ್ಪ ಹೊತ್ತಿನಲ್ಲಿ ತಮ್ಮ ಕುರ್ಚಿಯನ್ನು ಚಿಕ್ಕದಕ್ಕೆ ಬಿಟ್ಟುಕೊಟ್ಟರು. ನನಗೆ ಬೇಸರವಾದದ್ದು ಹಿಂದೆ ನಿಂತಿದ್ದ ಇಬ್ಬರು ಹೆಂಗಸರ ಮೇಲೆ. ಅವರು ಐದು ಮಕ್ಕಳನ್ನು ಬೆರಳಲ್ಲಿ ಎಣಿಸಿ ಮುಖ ಮುಖ ನೋಡಿಕೊಂಡರು. ಆ ಮನೆಯಲ್ಲಿ ಮಕ್ಕಳು ಎಷ್ಟು ಎಂದು ತೀರ್ಮಾನಿಸಿದ್ದು ಆಕೆಯಲ್ಲ ಎನ್ನುವುದು ಇಬ್ಬರು ಹೆಂಗಸರಿಗೆ ತಿಳಿಯದ ವಿಷಯವೇ?

ಯಾವ ಮಗುವನ್ನು ಬಿಡುವುದು ಎಂಬ ಪ್ರಶ್ನೆ ಆಕೆಗೆ ಹೊಸದಲ್ಲ. ಮನೆ ಬಿಟ್ಟ ರಾತ್ರಿಯೇ ಎದುರಾಗಿತ್ತು. ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿದರೆ, ದೌರ್ಜನ್ಯಕ್ಕೆ ಒಳಗಾದ ಹೆಂಗಸರಿಗೆ ನೆರವಾಗುವ ಸಖಿ ಕೇಂದ್ರದ ದಾರಿ ತೋರಿಸುತ್ತಾರೆ. ಅಲ್ಲಿ ತಾತ್ಕಾಲಿಕವಾಗಿ ಉಳಿಯಲು ಇರುವುದು 5 ದಿನ, ತಾಯಿಯ ಜೊತೆ ಹೆಣ್ಣು ಮಕ್ಕಳು ಎಷ್ಟು ದೊಡ್ಡವರಾದರೂ ಇರಬಹುದು, ಗಂಡು ಮಕ್ಕಳಿಗೆ ಮಾತ್ರ 8 ವರ್ಷದ ಮಿತಿ. ಹನ್ನೊಂದರ ಹುಡುಗನನ್ನು ಮಕ್ಕಳ ಕಲ್ಯಾಣ ಸಮಿತಿಯ ಮೂಲಕ ಬಾಲಮಂದಿರಕ್ಕೆ ಕಳಿಸಬೇಕಾಗುತ್ತದೆ. ಅಮ್ಮನಿಗೆ ಅಡ್ಡ ನಿಂತು ಬೆನ್ನಿಗೆ ಪೆಟ್ಟು ತಿಂದವನು ಅವನೇ. ಅವನನ್ನು ಬೇರೆ ಕಡೆ ಮಲಗಿಸಿ ತಾನು ಸುರಕ್ಷಿತವಾಗಿರುವುದು ಬೇಡ ಎಂದು ಆಕೆ ತಂಗಿಯ ಮನೆಯ ಚಾವಡಿಗೆ ಹೋದಳು. ಉಳಿದ ಹೆಂಗಸರಿಗೆ ಅಲ್ಲಿ ನಿರಾಳವಾಗಿರಲಿ ಎಂಬ ಕಾರಣಕ್ಕೆ ಆ ನಿಯಮ ಇರಬಹುದು, ಅರ್ಥವಾಗುತ್ತದೆ. ಆದರೆ ತುಂಬಾ ಮಕ್ಕಳಿರುವ ತಾಯಂದಿರು ಹೊಡೆತ ತಿಂದೂ ವರ್ಷಗಟ್ಟಲೆ ಯಾಕೆ ಹೊರಡುವುದಿಲ್ಲ ಎಂದು ಕೇಳುವವರು ಈ ಒಂದು ಸಾಲನ್ನು ಓದಬೇಕು.

ಆಕೆ ಹನ್ನೊಂದು ವರ್ಷ ಬೀಡಿ ಕಟ್ಟಿದ್ದಾಳೆ. ಎಲೆ ನೆನೆಸಿ, ಒದ್ದೆ ಗೋಣಿಯಲ್ಲಿ ಸುತ್ತಿಟ್ಟು, ಅಳತೆಗೆ ಕತ್ತರಿಸಿ, ಹೊಗೆಸೊಪ್ಪಿನ ಪುಡಿ ಹಾಕಿ ಸುರುಟಿ, ಬಾಯಿ ಮಡಚಿ, ನೂಲು ಸುತ್ತಬೇಕು. 25 ಬೀಡಿಗೆ ಒಂದು ಕಟ್ಟು. ಕೈ ಚುರುಕಿದ್ದವರಿಗೂ ಸಾವಿರ ಮುಗಿಯಬೇಕಾದರೆ ಎಂಟು ಹತ್ತು ಗಂಟೆ ಕೂರಬೇಕು, ಸಣ್ಣ ಮಕ್ಕಳಿದ್ದರೆ ಐನೂರು ಆರುನೂರಕ್ಕೇ ರಾತ್ರಿಯಾಗುತ್ತದೆ. ಮಳೆಗಾಲದಲ್ಲಿ ಎಲೆಗೆ ಬೂಸರು, ಬೇಸಗೆಯಲ್ಲಿ ಒಣಗಿ ಸೀಳುತ್ತದೆ. ಸಡಿಲಾದದ್ದನ್ನು, ಬಾಯಿ ಬಿಟ್ಟದ್ದನ್ನು ಬೀಡಿ ಕಂಪನಿಯ ಬ್ರಾಂಚಿನಲ್ಲಿ ಆರಿಸಿ ತೆಗೆಯುತ್ತಾರೆ, ತೆಗೆದದ್ದಕ್ಕೆ ಮಜೂರಿ ಇಲ್ಲ. ಇಷ್ಟೆಲ್ಲ ಕಟ್ಟಿದ್ದು ಅತ್ತೆಯ ಪಾಸ್‌ಬುಕ್ಕಿನಲ್ಲಿ. ಮನೆಯಲ್ಲಿ ಮೂರು ಜನ ಕಟ್ಟಿದರೂ ಒಬ್ಬರ ಹೆಸರಿನಲ್ಲಿ ಬ್ರಾಂಚಿಗೆ ಹಾಕುವುದು ಇಲ್ಲಿ ಮಾಮೂಲು. ಹಾಗಾಗಿ ಪಿಎಫ್ ಅತ್ತೆಯದ್ದು, ಬೋನಸ್ ಅತ್ತೆಯದ್ದು. ರೇಷನ್ ಕಾರ್ಡಿನಲ್ಲಿ ಯಜಮಾನಿಯೂ ಅತ್ತೆಯೇ ಆದ್ದರಿಂದ ಗೃಹಲಕ್ಷ್ಮಿಯ 2,000 ರೂಪಾಯಿಯೂ ಅವರ ಖಾತೆಗೇ. ಈಕೆ ಮನೆಯಿಂದ ಹೊರಬಿದ್ದಾಗ ಸ್ವಂತದ್ದು ಎಂದು ಇದ್ದದ್ದು ಒಂದು ಕತ್ತರಿ.

ಹೊಡೆತದ ಗಾಯಕ್ಕೆ ಸಾಕ್ಷಿ ಕೇಳುವವರಿದ್ದಾರೆ, ದುಡಿಮೆ ಹೀಗೆ ಕೈ ತಪ್ಪುವುದಕ್ಕೆ ಹೆಸರೂ ಇಲ್ಲ ಎಂದುಕೊಂಡವರೇ ಹೆಚ್ಚು. ಹೆಸರಿದೆ. ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ, 2005ರ 3ನೇ ಕಲಮಿನಲ್ಲಿ ಆರ್ಥಿಕ ದೌರ್ಜನ್ಯವೂ ಸೇರಿದೆ. ದುಡಿದ ಹಣ ಕಿತ್ತುಕೊಳ್ಳುವುದು, ಖರ್ಚಿಗೆ ಕೊಡದಿರುವುದು ಅದರೊಳಗೇ ಬರುತ್ತದೆ. ನಮ್ಮಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಯವರೇ ಈ ಕಾಯ್ದೆಯಡಿ ದೂರು ತೆಗೆದುಕೊಳ್ಳುವ ಸಂರಕ್ಷಣಾಧಿಕಾರಿ. ಅವರು ಕೌಟುಂಬಿಕ ಘಟನಾ ವರದಿ ಬರೆದು ಮ್ಯಾಜಿಸ್ಟ್ರೇಟರಿಗೆ ಕಳಿಸುತ್ತಾರೆ. ಗಂಡನ ಊರಿನ ಕೋರ್ಟಿಗೇ ಹೋಗಬೇಕೆಂದಿಲ್ಲ, ಈಗ ತಾತ್ಕಾಲಿಕವಾಗಿ ಇರುವ ಊರಿನಲ್ಲಿಯೂ ಅರ್ಜಿ ಹಾಕಬಹುದು. ವರದಿಯಲ್ಲಿ ತಾರೀಕು ಕೇಳುವ ಕಡೆ ಆಕೆಯಂಥವರೆಲ್ಲ ತಡವರಿಸುತ್ತಾರೆ. ತಾರೀಕು ಕೇಳಬಾರದು. ಯಾವ ಮಗು ಹೊಟ್ಟೆಯಲ್ಲಿತ್ತು, ಯಾವ ಹಬ್ಬ ಮುಗಿದಿತ್ತು ಎಂದು ಕೇಳಬೇಕು. "ಎರಡನೆಯ ಮಗಳ ನಾಮಕರಣದ ಮುಂಚಿನ ದಿನ ಕೈ ಮುರಿದದ್ದು" ಎಂದು ಥಟ್ಟನೆ ಬರುತ್ತದೆ. ಸರ್ಕಾರಿ ಆಸ್ಪತ್ರೆಯ ಆ ದಿನದ ಚೀಟಿಯಲ್ಲಿ ಮಾತ್ರ "ಬಚ್ಚಲಲ್ಲಿ ಬಿದ್ದು" ಎಂದಿದೆ. ಗಂಡ ಪಕ್ಕದಲ್ಲೇ ನಿಂತಿದ್ದ. ಮುಂದೆ ಕೋರ್ಟಿನಲ್ಲಿ ಎದುರು ವಕೀಲರು ಹಿಡಿಯುವುದು ಈ ಒಂದು ಗೆರೆಯನ್ನೇ. ಹಾಗಾಗಿ ಯಾಕೆ ಹಾಗೆ ಬರೆಸಿದ್ದು ಎಂಬುದನ್ನು, ಆಕೆಗೆ ನೆರವಾಗುತ್ತಿರುವ ನಾವು ವರದಿಯಲ್ಲಿ ಮೊದಲೇ ಬಿಡಿಸಿ ಹೇಳಿದ್ದೇವೆ.

ಮೊದಲ ವಿಚಾರಣೆಯಿಂದ 60 ದಿನದೊಳಗೆ ಮುಗಿಸಲು ಪ್ರಯತ್ನಿಸಬೇಕು ಎಂದು ಕಾಯ್ದೆ ಹೇಳುತ್ತದೆ. ಮುಗಿಯುವುದು ಅಪರೂಪ. ಅದಕ್ಕೇ 23ನೇ ಕಲಮಿನಡಿ, ಕೊನೆಯ ತೀರ್ಪಿಗೆ ಮೊದಲೇ ಸಿಗುವ ಮಧ್ಯಂತರ ಆದೇಶವನ್ನು ಮೊದಲ ದಿನವೇ ಕೇಳಬೇಕು. ಜೀವನಾಂಶದ ಅರ್ಜಿಯಲ್ಲಿ ಐದೂ ಮಕ್ಕಳ ಹೆಸರು, ತರಗತಿ, ಖರ್ಚು ಬೇರೆ ಬೇರೆ ಬರೆಯಬೇಕು. "ಮಕ್ಕಳ ಖರ್ಚಿಗೆ" ಎಂದು ಒಟ್ಟಾಗಿ ಬರೆದರೆ ಐದು ಹೊಟ್ಟೆ ಒಂದೇ ಅಂಕಿಯೊಳಗೆ ಮುಚ್ಚಿಹೋಗುತ್ತದೆ.

ಮಂಗಳವಾರ ಮಕ್ಕಳನ್ನೆಲ್ಲ ಕರೆತಂದದ್ದು ಬೆರಳಚ್ಚಿಗಾಗಿ. ಏಳರ ಹುಡುಗನದು ಕೂಡಲಿಲ್ಲ. ಕೂಸಾಗಿದ್ದಾಗ ಮಾಡಿಸಿದ ಆಧಾರಿಗೆ 5 ವರ್ಷ ತುಂಬಿದ ಮೇಲೆ ಬೆರಳು, ಕಣ್ಣು ಸೇರಿಸಬೇಕಿತ್ತು, ಯಾರೂ ಮಾಡಿಸಿರಲಿಲ್ಲ. ಆಕೆಯದೂ ಕೂಡಲಿಲ್ಲ. ಬಲಗೈ ಹೆಬ್ಬೆರಳು ಇಟ್ಟಳು, ಸೆರಗಿಗೆ ಒರೆಸಿ ಮತ್ತೆ ಇಟ್ಟಳು, ನಂತರ ತೋರುಬೆರಳು, ನಂತರ ಎಡಗೈ. ಎಲೆ ಸುರುಟಿ ಸುರುಟಿ ಬೆರಳ ತುದಿ ನುಣ್ಣಗಾಗಿದೆ, ಗೆರೆಯೇ ಇಲ್ಲ. ಇಂಥವರಿಗೆ ಕಣ್ಣಿನ ಪಾಪೆಯಿಂದ ಗುರುತು ಹಿಡಿಯಬಹುದು, ಅದರ ಯಂತ್ರ ಆ ದಿನ ಅಲ್ಲಿರಲಿಲ್ಲ. ಇನ್ನೊಂದು ತೊಡಕು, ಆಧಾರಿಗೆ ಜೋಡಿಸಿದ್ದು ಗಂಡನ ಮೊಬೈಲ್ ನಂಬರು. ಪ್ರತಿ ಓಟಿಪಿಯೂ ಅವನಿಗೇ ಹೋಗುತ್ತದೆ. ಆಕೆ ಎಲ್ಲಿದ್ದಾಳೆ, ಯಾವ ಕೆಲಸಕ್ಕೆ ಕೈ ಹಾಕಿದ್ದಾಳೆ ಎಂದು ಅವನಿಗೆ ಗೊತ್ತಾಗುವುದು ಹೀಗೆ. ಮನೆ ಬಿಟ್ಟವರು ಮೊದಲು ಮಾಡಿಸಬೇಕಾದದ್ದು ಕಾರ್ಡಲ್ಲ, ಆಧಾರ್ ಕೇಂದ್ರಕ್ಕೆ ಹೋಗಿ ನಂಬರು ಬದಲಿಸುವುದು. ಆಮೇಲೆ ತನ್ನದೇ ಖಾತೆ. ಆಮೇಲೆ ಉಳಿದದ್ದು. ಈ ಕ್ರಮ ತಪ್ಪಿದರೆ ಓಡಾಟವೆಲ್ಲ ದಂಡ.

ಹಳೆ ಕಾರ್ಡಿನಲ್ಲಿ ಹೆಸರು ಉಳಿದಷ್ಟು ದಿನ ಇವರ ಪಾಲಿನ ಅಕ್ಕಿ ಆ ಮನೆಯಲ್ಲೇ ಬೇಯುತ್ತದೆ. ತಲೆಗೆ 5 ಕೆಜಿಯಂತೆ ಕೇಂದ್ರದ ಪಾಲೇ ಆರು ಜನಕ್ಕೆ 30 ಕೆಜಿ. ಇಲ್ಲಿ ಶಾಲೆಯ ಬಿಸಿಯೂಟವಿದ್ದ ದಿನ ಮಾತ್ರ ನಾಲ್ವರ ಮಧ್ಯಾಹ್ನ ಸಾಗುತ್ತದೆ, ಅಂಗನವಾಡಿಯಲ್ಲಿ ಚಿಕ್ಕದರದ್ದು. ಭಾನುವಾರ ಬಂದರೆ ಗಂಜಿಗೆ ನೀರು ಹೆಚ್ಚು. ದಸರಾ ರಜೆ ಎಂದರೆ ಉಳಿದವರ ಮಕ್ಕಳು ಕುಣಿಯುತ್ತಾರೆ, ಈ ಮನೆಯಲ್ಲಿ ಹದಿಮೂರರ ಹುಡುಗಿ ಡಬ್ಬದ ಅಕ್ಕಿ ಅಳೆದು ನೋಡುತ್ತಾಳೆ.

ಶಾಲೆಯೂ ಸುಲಭಕ್ಕೆ ಸಿಗಲಿಲ್ಲ. ಟಿಸಿ ಕೊಡಬೇಡಿ ಎಂದು ತಂದೆ ಹಳೆ ಶಾಲೆಗೆ ಹೋಗಿ ಹೇಳಿಬಂದಿದ್ದ. ಟಿಸಿ ತಡವಾಯಿತೆಂದು ಸೇರಿಸಿಕೊಳ್ಳದಿರುವಂತಿಲ್ಲ, 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಮು ಸ್ಪಷ್ಟವಾಗಿದೆ. ಹೊಸ ಶಾಲೆಯ ಹೆಡ್ ಟೀಚರ್ ಇದನ್ನು ಓದಿ ನೋಡಿ ಆವತ್ತೇ ತರಗತಿಯಲ್ಲಿ ಕೂರಿಸಿದರು. ಹಳೆ ಶಾಲೆಗೆ ತಾವೇ ಫೋನ್ ಮಾಡಿದರು. ಇಂಥವರು ಒಬ್ಬರಿದ್ದರೆ ಹತ್ತು ಅರ್ಜಿಯ ಕೆಲಸ ಉಳಿಯುತ್ತದೆ.

ಮಕ್ಕಳ ರಕ್ಷಣೆಗೆಂದೇ ಇರುವ ಕೇಂದ್ರದ ಯೋಜನೆ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವದಲ್ಲಿ ಅರ್ಹ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಇದೆ. ಹಳ್ಳಿಯಲ್ಲಾದರೆ ವರ್ಷದ ಆದಾಯ 72,000 ದಾಟಬಾರದು. ಅರ್ಜಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ಡೈವೋರ್ಸ್ ಆಗಿದ್ದರೆ ಕಾಗದ ತನ್ನಿ ಎನ್ನುವವರು ಸಿಗುತ್ತಾರೆ. ಮಾರ್ಗಸೂಚಿಯಲ್ಲಿ ವಿಧವೆ, ವಿಚ್ಛೇದಿತೆಯ ಜೊತೆಗೆ ಕುಟುಂಬ ಕೈಬಿಟ್ಟ ತಾಯಿಯೂ ಇದ್ದಾಳೆ. ಆ ಸಾಲಿನ ಕೆಳಗೆ ಗೆರೆ ಎಳೆದು ಅರ್ಜಿಗೆ ಪಿನ್ನು ಹೊಡೆದು ಕೊಟ್ಟಿದ್ದೇವೆ.

ಮಂಗಳವಾರ ತಾಯಿ ಮಕ್ಕಳು ಕಚೇರಿಯಿಂದ ಮೂರೂವರೆಗೆ ಹೊರಬಂದರು. ನಮ್ಮ ಜಿಲ್ಲೆಯಲ್ಲಿ ಖಾಸಗಿ ಬಸ್ಸುಗಳೇ ಜಾಸ್ತಿ, ಅವುಗಳಲ್ಲಿ ಹೆಂಗಸರ ಉಚಿತ ಪ್ರಯಾಣದ ಶಕ್ತಿ ಯೋಜನೆ ನಡೆಯುವುದಿಲ್ಲ. ನಾಲ್ಕು ಬಸ್ಸು ಬಂದು ನಿಂತು ಹೋದವು, ಸರ್ಕಾರಿ ಬಸ್ಸು ಬಂದದ್ದು ನಲವತ್ತು ನಿಮಿಷಕ್ಕೆ. ಆಕೆ ಮಕ್ಕಳನ್ನೆಲ್ಲ ಮುಂದೆ ಹತ್ತಿಸಿ ಕೊನೆಗೆ ತಾನು ಹತ್ತಿದಳು. ತನಗೂ ದೊಡ್ಡ ಹುಡುಗಿಯರಿಬ್ಬರಿಗೂ ಸೊನ್ನೆ ಟಿಕೆಟು, ಹುಡುಗರಿಬ್ಬರಿಗೆ ಅರ್ಧರ್ಧ. ಚಿಲ್ಲರೆ ಮುಷ್ಟಿಯಲ್ಲಿ ಮೊದಲೇ ಎಣಿಸಿಟ್ಟುಕೊಂಡಿದ್ದಳು.

"ಎಷ್ಟು ಜನಮ್ಮ?" ಕಂಡಕ್ಟರ್ ಕೇಳಿದರು.

"ಆರೂ ಜನ."