ಸತ್ಯವೇದದೊಳಗಿನ ಅರ್ಜಿ

ಕೊಡಗಿನಲ್ಲಿ ಕಳೆದ ನಾಲ್ಕು ದಿನಗಳಲ್ಲಿ ಮೂರು ದಿನ ಮಡಿಕೇರಿಯ ಮಳೆ ಮತ್ತು ರಾಜಾಸೀಟಿನ ಜನಜಂಗುಳಿಯಲ್ಲೇ ಮುಗಿದುಹೋದವು. ವಿರಾಜಪೇಟೆಯ ಸಂತ ಅನ್ನಮ್ಮನವರ ಇಗರ್ಜಿಯ ಮುಂದೆ ಮಾತ್ರ ಮನಸ್ಸು ನಿಂತಿತು. ಟಿಪ್ಪುವಿನ ಶ್ರೀರಂಗಪಟ್ಟಣದ ಸೆರೆಯಿಂದ ಪಾರಾಗಿ ಬಂದ ಕ್ರೈಸ್ತರಿಗೆ ದೊಡ್ಡ ವೀರರಾಜೇಂದ್ರ 1792ರಲ್ಲಿ ಇಲ್ಲಿ ನೆಲೆ ಕೊಟ್ಟ. ಅರಸನ ಕೃಪೆಯಿಂದ ದೊರೆತಿದ್ದ ಆ ಆಶ್ರಯವನ್ನು ಮತಸ್ವಾತಂತ್ರ್ಯ ಕೊಡುವ ಸಂವಿಧಾನದ 25ನೆಯ ವಿಧಿ ಈಗ ಎಲ್ಲರ ಹಕ್ಕಾಗಿಸಿದೆ ಎಂದುಕೊಂಡೇ ನಾನು ಆನಂದಪುರಕ್ಕೆ ಹೊರಟೆ.

ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ತಂದ ಜರ್ಮನ್ ಪಾದ್ರಿ ಮೋಗ್ಲಿಂಗ್ 1850ರ ದಶಕದಲ್ಲಿ, ಜೀತದಲ್ಲಿದ್ದು ಕ್ರೈಸ್ತರಾದ ದಲಿತ ಕುಟುಂಬಗಳಿಗೆ ನೆಲೆ ಕಟ್ಟಿದ ಊರು ಅದು. ಚರ್ಚಿನ ಮೆಟ್ಟಿಲ ಮೇಲೆ ಕುಳಿತಿದ್ದ ಅಜ್ಜಿಯೊಬ್ಬರ ಮಡಿಲಲ್ಲಿ ಬಟ್ಟೆ ಸುತ್ತಿದ ಸತ್ಯವೇದವಿತ್ತು. ಅವರು ಬಾಳೆಲ್ಲ ಕಾಫಿ ತೋಟದ ಕೂಲಿಗಳ ಸಾಲುಮನೆಯಲ್ಲಿ, ಲೈನ್‌ಮನೆಯಲ್ಲಿ, ಕಳೆದವರು. ಮಾತಿಗೆ ಮಾತು ಬೆಳೆದು, ಸತ್ಯವೇದದ ಹಾಳೆಗಳ ನಡುವಿನಿಂದ ಮಡಿಕೆಯಲ್ಲೇ ಹರಿಯುತ್ತಿದ್ದ ಒಂದು ಕಾಗದವನ್ನು ತೆಗೆದರು. ಮೊಮ್ಮಗನ ಜಾತಿ ಪ್ರಮಾಣಪತ್ರದ ಅರ್ಜಿಯ ನಕಲು ಅದು.

“ಪಕ್ಕದ ಲೈನಿನ ಯರವರ ಹುಡುಗಿಯೂ ಇಲ್ಲಿಗೆ ಪ್ರಾರ್ಥನೆಗೆ ಬರ್ತಾಳೆ ಮಗಾ. ಅವಳ ಎಸ್‌ಟಿ ಸರ್ಟಿಫಿಕೇಟಿಗೆ ಏನೂ ತೊಂದರೆ ಇಲ್ಲ. ನಮ್ಮ ಹುಡುಗನಿಗೆ ಎಸ್‌ಸಿ ಕೊಡಲ್ಲ ಅಂತಾರಲ್ಲ, ಯಾಕೆ?”

ನನಗೆ ತಿಳಿದಷ್ಟು ಹೇಳಿದೆ. 1950ರ ಪರಿಶಿಷ್ಟ ಜಾತಿಗಳ ಆದೇಶ ಮೊದಲು ಹಿಂದೂಗಳಿಗೆ ಸೀಮಿತವಾಗಿತ್ತು. 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಸೇರಿದರು, ಕ್ರೈಸ್ತರು ಮತ್ತು ಮುಸ್ಲಿಮರು ಸೇರಲಿಲ್ಲ. ಯರವರಂಥ ಬುಡಕಟ್ಟುಗಳಿರುವ ಪರಿಶಿಷ್ಟ ಪಂಗಡಕ್ಕೆ ಮತದ ಈ ಕಟ್ಟಿಲ್ಲ. ಪರಿಶಿಷ್ಟ ಜಾತಿಗಿರುವ ಈ ಕಟ್ಟನ್ನು ಬಿಡಿಸಬೇಕೆಂದು ಕೇಂದ್ರ ಸರ್ಕಾರ ನೇಮಿಸಿದ್ದ ರಂಗನಾಥ ಮಿಶ್ರಾ ಆಯೋಗ 2007ರಲ್ಲೇ ಶಿಫಾರಸು ಮಾಡಿತ್ತು.

“ಚರ್ಚಿಗೆ ಬಂದ ಮೇಲೆ ಊರವರು ನಮ್ಮನ್ನು ಬೇರೆ ಜಾತಿ ಅಂದಿದ್ದುಂಟಾ? ಕಾಗದದಲ್ಲಿ ಮಾತ್ರ ಜಾತಿ ಹೋಯ್ತು” ಎಂದರು ಅಜ್ಜಿ. ಮತವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ಕೊಟ್ಟ ಗಣರಾಜ್ಯ, ಆರಿಸಿಕೊಂಡ ಬಡವನಿಂದ ಅದರ ಬೆಲೆ ವಸೂಲಿ ಮಾಡುವುದು ಅನ್ಯಾಯವೆಂದೇ ನಾನು ನಂಬುತ್ತೇನೆ.

ಅಲ್ಲಿಗೆ ಹೋಗುವವರು ಮರಳುವ ಬಸ್ಸಿನ ಸಮಯವನ್ನು ಬಸ್ ನಿಲ್ದಾಣದಲ್ಲೇ ವಿಚಾರಿಸಿಕೊಳ್ಳಬೇಕು. ವಸತಿಗೃಹದವರ ಮಾತು ನಂಬಿ ನಾನು ಜಡಿಮಳೆಯಲ್ಲಿ ಒಂದೂವರೆ ಗಂಟೆ ನಿಂತಿದ್ದೆ. ಚರ್ಚಿಗೆ ಬೀಗ ಹಾಕಿ ಬಂದ ಅಜ್ಜಿ ತಮ್ಮ ಕೊಡೆಯನ್ನು ನನ್ನ ಕೈಗಿತ್ತು, ಸತ್ಯವೇದವನ್ನು ಸೆರಗಿನೊಳಗೆ ಅವಚಿಕೊಂಡು ಲೈನಿನ ಕಡೆ ನಡೆದರು.